ಪಾಠಯೋಜನೆಯ ಕಡತದಲ್ಲಿ ಯಾರ ಹೆಸರಿದೆ?

ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗಳನ್ನು ಪರಿಶೀಲಿಸುವಾಗ ನಾಲ್ಕೈದು ಕಡತಗಳ ಕರ್ತೃ ಒಬ್ಬರೇ ಎಂದು ಕಾಣುವುದುಂಟು. ಕೂಡಲೇ ನಕಲು ಎಂದು ಅಂಕ ಕಡಿಯಬಾರದು. ಕಾಲೇಜು ಕೊಟ್ಟ ನಮೂನೆಯಲ್ಲೇ ಬರೆದಿದ್ದರೆ, ಆ ನಮೂನೆ ಮಾಡಿದವರ ಹೆಸರು ಹಾಗೆಯೇ ಉಳಿದಿರುತ್ತದೆ.

ವರ್ಡ್‌ನ ಡಾಕ್‌ಎಕ್ಸ್ ಕಡತವೆಂದರೆ ಒಂದು ಜಿಪ್ ಕಟ್ಟು. ಶೀರ್ಷಿಕೆ, ಕರ್ತೃ, ಕೊನೆಗೆ ತಿದ್ದಿದವರು, ದಿನಾಂಕ, ಇವೆಲ್ಲ ಅದರೊಳಗಿನ ಪುಟ್ಟ ಎಕ್ಸ್‌ಎಂಎಲ್ ಕಡತವೊಂದರಲ್ಲಿ ಇರುತ್ತವೆ. ಕಟ್ಟು ಬಿಚ್ಚುವ ಗೋಜು ಬೇಡ. ವಿಂಡೋಸ್‌ನಲ್ಲಿ ಕಡತದ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟದಲ್ಲಿ ಕರ್ತೃವಿನ ಹೆಸರನ್ನು ಅಲ್ಲೇ ಬದಲಿಸಬಹುದು. ಲಿಬ್ರೆಆಫೀಸ್‌ನಲ್ಲಾದರೆ ಫೈಲ್ ಮೆನುವಿನ ಪ್ರಾಪರ್ಟೀಸ್‌ಗೆ ಹೋಗಿ ಶೀರ್ಷಿಕೆ, ವಿಷಯಗಳನ್ನು ತಿದ್ದಬಹುದು.

ಇಷ್ಟು ಸುಲಭವಾಗಿ ಬದಲಾಗುವ ಹೆಸರು ನಕಲಿಗೂ ಸಾಕ್ಷಿಯಲ್ಲ, ಸ್ವಂತಿಕೆಗೂ ಅಲ್ಲ. ಸಂಶಯವಿದ್ದರೆ ಆ ಪಾಠದ ಒಂದು ಚಟುವಟಿಕೆಯನ್ನು ಏಕೆ ಆರಿಸಿದಿರಿ ಎಂದು ಎದುರು ಕೂರಿಸಿಕೊಂಡು ಕೇಳಿ.