ಮೂರನೇ ಕೀ ಎಲ್ಲಿಡುತ್ತೀರಿ?

ದೆಹಲಿಯ ಕರೋಲ್ ಬಾಗಿನಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯನ್ನು ನೆನಪಿಸುವಂಥ ಕಾರು ಸಾಮಾನಿನ ಅಂಗಡಿಗಳಿವೆ. ಅಲ್ಲಿ ರಿಮೋಟ್ ಸ್ಟಾರ್ಟರ್ ಬೇಕು ಎಂದು ನಾನು ವಿಚಾರಿಸಿದಲ್ಲೆಲ್ಲ ಮೊದಲು ಬಂದ ಪ್ರಶ್ನೆ ಒಂದೇ: "ದೂಸ್ರೀ ಚಾಬಿ ಲಾಯೇ ಹೋ?" ಎರಡನೇ ಕೀ ತಂದಿದ್ದೀರಾ ಅಂತ. ದರ, ಕಂಪನಿ, ಗ್ಯಾರಂಟಿಯ ಮಾತೆಲ್ಲ ಆಮೇಲೆ. ಆ ಪ್ರಶ್ನೆಗೆ ತಕ್ಷಣ ಹೂಂ ಅಂದು ಕೀ ಕೊಟ್ಟು ಬರುವವರೇ ಹೆಚ್ಚು. ಕೊಡುವ ಮೊದಲು ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ದೂರದಿಂದಲೇ ಗುಂಡಿ ಒತ್ತಿ ಎಂಜಿನ್ ಚಾಲೂ ಮಾಡುವ ಈ ಸಾಧನ ಕೆನಡಾದಲ್ಲಿ ಚಳಿಗಾಲದ ಸಾಮಾನು. ಟೊರಾಂಟೊದಲ್ಲಿರುವ ನನ್ನ ತಂಗಿ ಬೆಳಿಗ್ಗೆ ಕಾಫಿ ಕುಡಿಯುತ್ತಲೇ ಕಾರು ಚಾಲೂ ಮಾಡುತ್ತಾಳೆ, ಗಾಜಿನ ಮೇಲಿನ ಮಂಜು ಕರಗಲಿ ಅಂತ. ದೆಹಲಿಯಲ್ಲಿ ಕಥೆ ಉಲ್ಟಾ. ಮೇ ತಿಂಗಳಲ್ಲಿ ಪಾರಾ 45 ಡಿಗ್ರಿ ಮುಟ್ಟಿದ ದಿನ ಬಯಲಲ್ಲಿ ನಿಂತ ಕಾರಿನ ಸೀಟ್ ಬೆಲ್ಟಿನ ಬಕಲ್ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ನನ್ನ ಅಮ್ಮನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್, ಅದೂ ಮಧ್ಯಾಹ್ನದ ಪಾಳಿ. ಹೆಂಡತಿ ಆಫೀಸಿನಲ್ಲಿ. ನಾನು ಹತ್ತು ನಿಮಿಷ ಮೊದಲೇ ಕೆಳಗೆ ಹೋಗಿ ಏಸಿ ಹಾಕಿಟ್ಟು ಬರುವಂತಿಲ್ಲ, ಎದ್ದು ನಿಂತರೆ ಅವಳಿಗೆ ತಲೆ ಸುತ್ತುತ್ತದೆ, ಜೊತೆಗೆ ಒಬ್ಬರು ಬೇಕು. ಕುದಿಯುವ ಕಾರಿನೊಳಗೆ ಅವಳನ್ನು ಕೂರಿಸುವುದಂತೂ ಆಗದ ಮಾತು. ಆಸ್ಪತ್ರೆಯಿಂದ ಹೊರಡುವಾಗ ಗಾಲಿಕುರ್ಚಿ ತಳ್ಳುವ ಹುಡುಗ ಇರುತ್ತಾನೆ, ಅಲ್ಲಿ ತೊಂದರೆಯಿಲ್ಲ. ತೊಂದರೆ ಮನೆಯಿಂದ ಹೊರಡುವ ಆ ಹತ್ತು ನಿಮಿಷದ್ದು.

ಈಗಿನ ಕ್ರೆಟಾ, ಸೆಲ್ಟೋಸ್‌ನಂಥ ಕಾರುಗಳ ಕೆಲವು ಮಾದರಿಗಳಲ್ಲಿ ಈ ಸೌಕರ್ಯ ಕಾರ್ಖಾನೆಯಿಂದಲೇ ಬರುತ್ತದೆ. ಅಂಥದ್ದಿದ್ದರೆ ಈ ತಲೆನೋವೇ ಇಲ್ಲ. ನನ್ನದು ಹಳೆಯ ಪೆಟ್ರೋಲ್ ಆಟೋಮ್ಯಾಟಿಕ್, ತೂರಿಸಿ ತಿರುಗಿಸುವ ಕೀ, ಆ ಕೀಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಚಿಪ್.

ಆ ಚಿಪ್ಪೇ ಇಡೀ ಸಮಸ್ಯೆ. ಬಾಗಿಲು ತೆರೆಯುವ ಗುಂಡಿಗಳಿಗೂ ಇದಕ್ಕೂ ಸಂಬಂಧವಿಲ್ಲ. ಗುಂಡಿಗಳಿಗೆ ಬ್ಯಾಟರಿ ಬೇಕು, ಚಿಪ್ಪಿಗೆ ಬೇಡ. ಕೀ ತೂರಿಸುವ ಜಾಗದ ಸುತ್ತ ಒಂದು ತಂತಿಯ ಸುರುಳಿ ಇರುತ್ತದೆ. ಕೀ ತಿರುಗಿಸಿದಾಗ ಆ ಸುರುಳಿ ಹೊಮ್ಮಿಸುವ ಕ್ಷೇತ್ರದಿಂದಲೇ ಚಿಪ್ ಒಂದಿಷ್ಟು ಶಕ್ತಿ ಹೀರಿಕೊಂಡು ತನ್ನ ಗುರುತು ಹೇಳುತ್ತದೆ. ಹಳೆಯ ಚಿಪ್ಪುಗಳು ಒಂದೇ ಸಂಖ್ಯೆ ಒದರುತ್ತಿದ್ದವು. ನಂತರದವಕ್ಕೆ ಕಾರು ಪ್ರತಿ ಸಲವೂ ಹೊಸ ಲೆಕ್ಕ ಕೊಡುತ್ತದೆ, ಗುಟ್ಟು ಗೊತ್ತಿರುವ ಚಿಪ್ ಮಾತ್ರ ಸರಿಯುತ್ತರ ಕೊಡಬಲ್ಲದು. ಉತ್ತರ ತಪ್ಪಿದರೆ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲನ್ನೇ ಬಿಡುವುದಿಲ್ಲ. ಹಲ್ಲು ಸರಿಯಾಗಿ ಕೊರೆದ ನಕಲಿ ಕೀಯಿಂದ ಬಾಗಿಲು ತೆರೆದೀತು, ಗಾಡಿ ಹೊರಡದು.

ಇದನ್ನು ಇಮ್ಮೊಬಿಲೈಸರ್ ಅನ್ನುತ್ತಾರೆ. ಬ್ರಿಟನ್, ಜರ್ಮನಿಗಳಲ್ಲಿ 1998ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರುಗಳಿಗೆ ಕಡ್ಡಾಯವಾಗಿದೆ. ಅಮೆರಿಕದಲ್ಲಿ ಕಡ್ಡಾಯವಿರಲಿಲ್ಲ. ಹ್ಯುಂಡೈ, ಕಿಯಾ ಅಲ್ಲಿ ಅಗ್ಗದ ಮಾದರಿಗಳಿಗೆ ವರ್ಷಗಟ್ಟಲೆ ಅದನ್ನು ಹಾಕಲೇ ಇಲ್ಲ. ಕೊನೆಗೆ ಯುಎಸ್‌ಬಿ ಕೇಬಲ್ಲಿನ ತುದಿಯಿಂದ ಅಂಥ ಕಾರು ಚಾಲೂ ಮಾಡುವ ವಿಡಿಯೊಗಳು 2022ರಲ್ಲಿ ಟಿಕ್‌ಟಾಕ್‌ನಲ್ಲಿ ಹಬ್ಬಿ, ಹುಡುಗರು ಊರೂರಲ್ಲಿ ಕಾರು ಕದ್ದರು. ಚಿಪ್ ಇಲ್ಲದ ಕೀಗೆ ಎಷ್ಟು ಬೆಲೆ ಎಂಬುದು ಅಲ್ಲಿ ಗೊತ್ತಾಯಿತು.

ರಿಮೋಟ್ ಸ್ಟಾರ್ಟರ್ ಮಾಡುವ ಕೆಲಸವಾದರೂ ಏನು? ಕೀ ತಿರುಗಿಸುವ ಬದಲು ತಾನೇ ತಂತಿಗಳಿಗೆ ಕರೆಂಟು ಹರಿಸುತ್ತದೆ. ಆದರೆ ಆಗ ಕೀ ನಿಮ್ಮ ಜೇಬಿನಲ್ಲಿ, ಮೂರನೇ ಮಹಡಿಯಲ್ಲಿ. ಸುರುಳಿ ಕೇಳುವ ಪ್ರಶ್ನೆಗೆ ಉತ್ತರಿಸಲು ಯಾರಾದರೂ ಕಾರಿನಲ್ಲೇ ಇರಬೇಕಲ್ಲ!

ಅದಕ್ಕೆ ಅಂಗಡಿಯವರಲ್ಲಿ ಮೂರು ದಾರಿಗಳಿವೆ. ಒಂದು, ಕಂಪ್ಯೂಟರ್ ಹಚ್ಚಿ ಇಮ್ಮೊಬಿಲೈಸರನ್ನೇ ಕೊಂದುಬಿಡುವುದು. "ಜಂಜಾಟವೇ ಇಲ್ಲ, ಅರ್ಧ ಗಂಟೆಯ ಕೆಲಸ" ಎಂದು ಒಂದು ಅಂಗಡಿಯಲ್ಲಿ ಹುಮ್ಮಸ್ಸಿನಿಂದ ಹೇಳಿದರು. ನಾನು ನಮಸ್ಕಾರ ಹಾಕಿ ಎದ್ದು ಬಂದೆ. ಏಸಿ ತಂಪಿಗಾಗಿ ಮನೆಯ ಬಾಗಿಲನ್ನೇ ಕಿತ್ತಿಟ್ಟಂತೆ ಅದು. ಎರಡು, ಕಾರಿನ ಕಂಪ್ಯೂಟರಿನೊಂದಿಗೆ ನೇರ ಮಾತಾಡಿ ಚಿಪ್ಪಿನ ಪರವಾಗಿ ಉತ್ತರಿಸುವ ಪುಟ್ಟ ಎಲೆಕ್ಟ್ರಾನಿಕ್ ಮಾಡ್ಯೂಲ್. ಇದು ಅಚ್ಚುಕಟ್ಟು, ಆದರೆ ಇವು ಹೆಚ್ಚಾಗಿ ಅಮೆರಿಕ, ಕೆನಡಾದ ಮಾದರಿಗಳಿಗೆ ತಯಾರಾದವು. ನನ್ನ ಕಾರಿಗೆ ಸಿಗಲಿಲ್ಲ.

ಮೂರನೆಯದೇ ಆ 'ದೂಸ್ರೀ ಚಾಬಿ'. ಒಂದು ಸಣ್ಣ ಡಬ್ಬಿಯಲ್ಲಿ ಎರಡನೇ ಕೀಯನ್ನಿಟ್ಟು, ಸುತ್ತ ತಂತಿ ಸುತ್ತಿ, ಆ ತಂತಿಯ ಇನ್ನೊಂದು ತುದಿಯನ್ನು ಕೀ ತೂರಿಸುವ ಜಾಗದ ಸುರುಳಿಗೆ ಸುತ್ತುತ್ತಾರೆ. ಡಬ್ಬಿ ಡ್ಯಾಶ್‌ಬೋರ್ಡಿನ ಹಿಂದೆ ಎಲ್ಲೋ ಅಡಗುತ್ತದೆ. ನಡುವೆ ಒಂದು ರಿಲೇ ಇರುವುದರಿಂದ, ರಿಮೋಟ್ ಒತ್ತಿದಾಗ ಮಾತ್ರ ತಂತಿ ಕೂಡಿಕೊಂಡು ಚಿಪ್ಪಿನ ದನಿ ಸುರುಳಿಗೆ ಕೇಳುತ್ತದೆ. ಉಳಿದ ಹೊತ್ತು ಡಬ್ಬಿ ಮೂಕ. ಈ ರಿಲೇ ಇಲ್ಲದೆ ತಂತಿಯನ್ನು ಕಾಯಂ ಕಟ್ಟಿಬಿಡುವವರೂ ಇದ್ದಾರೆ. ಹಾಗೆ ಮಾಡಿದರೆ ಚಿಪ್ ಹಗಲೂ ರಾತ್ರಿ "ನಾನಿದ್ದೇನೆ" ಅನ್ನುತ್ತಿರುತ್ತದೆ, ಇಮ್ಮೊಬಿಲೈಸರ್ ಇದ್ದೂ ಇಲ್ಲದಂತೆ. ಕೆಲಸ ಮುಗಿದ ಮೇಲೆ ಪರೀಕ್ಷಿಸುವುದು ಸುಲಭ: ಚಿಪ್ ಇಲ್ಲದ, ಹಲ್ಲು ಮಾತ್ರ ಕೊರೆದ ಒಂದು ಅಗ್ಗದ ಕೀ ಮಾಡಿಸಿ ತಿರುಗಿಸಿ ನೋಡಿ. ಎಂಜಿನ್ ಚಾಲೂ ಆಗಿ ಓಡುತ್ತಲೇ ಇದ್ದರೆ ಕೆಲಸ ಕೆಟ್ಟಿದೆ.

ಕಾರಿನೊಳಗೆ ಕೀ ಬಿಟ್ಟರೆ ಮನೆಯಲ್ಲಿ ಒಂದೇ ಉಳಿಯುತ್ತದೆ. ಕಾರು ಕಳುವಾದರೆ ವಿಮೆಯವರು ಸಾಮಾನ್ಯವಾಗಿ ಎರಡೂ ಮೂಲ ಕೀಗಳನ್ನು ಕೇಳುತ್ತಾರೆ. "ಒಂದು ಕಳ್ಳನ ಜೊತೆಗೇ ಹೋಯಿತು ಸ್ವಾಮಿ, ಕಾರಿನಲ್ಲಿತ್ತು" ಎಂದು ಹೇಳುವ ಪರಿಸ್ಥಿತಿ ಊಹಿಸಿಕೊಳ್ಳಿ. ಹಾಗಾಗಿ ಕರೋಲ್ ಬಾಗಿಗೆ ಕಾರು ಒಯ್ಯುವ ಮೊದಲೇ ಡೀಲರ್ ಹತ್ತಿರ ಮೂರನೇ ಕೀ ಮಾಡಿಸಿದೆ. ಆರ್‌ಸಿ, ಗುರುತಿನ ಚೀಟಿ ಕೇಳಿದರು, ಕೇಳಲೇಬೇಕು. ಹೋಗುವಾಗ ಇರುವ ಕೀಗಳನ್ನೆಲ್ಲ ಒಯ್ಯಿರಿ, ಏಕೆಂದರೆ ಹಲವು ಮಾದರಿಗಳಲ್ಲಿ ಹೊಸ ಚಿಪ್ ಕಲಿಸುವಾಗ ಎದುರಿಲ್ಲದ ಕೀಗಳನ್ನು ಕಾರು ಮರೆತುಬಿಡುತ್ತದೆ. ಮೂರನೆಯದರ ಹಲ್ಲು ಕೊರೆಸಲಿಲ್ಲ. ಡಬ್ಬಿ ಯಾರ ಕೈಗೆ ಸಿಕ್ಕರೂ ಅದರಿಂದ ಬೀಗ ತಿರುಗದು, ಸ್ಟಿಯರಿಂಗ್ ಲಾಕ್ ಬಿಡದು. ವಿಮಾ ಕಂಪನಿಗೂ ಬರೆದು ತಿಳಿಸಿ, ಬಂದ ಉತ್ತರವನ್ನು ಪಾಲಿಸಿಯ ಜೊತೆಗೇ ಇಟ್ಟಿದ್ದೇನೆ.

ಗುಂಡಿ ಒತ್ತಿ ಚಾಲೂ ಮಾಡುವ ಕಾರಿನವರು ಮಾತ್ರ ಈ ಡಬ್ಬಿಯ ಗೊಡವೆಗೆ ಹೋಗದಿರುವುದು ಮೇಲು. ಅಲ್ಲಿ ತಿರುಗಿಸುವ ಹಲ್ಲೇ ಇಲ್ಲ. ಒಳಗೆ ಅಡಗಿಸಿಟ್ಟ ಕೀ ಎಚ್ಚರವಾಗಿದ್ದರೆ, ಗಾಜು ಒಡೆದವನು ಗುಂಡಿ ಒತ್ತಿ ಹೊರಟೇಬಿಡಬಹುದು.

ಮ್ಯಾನುವಲ್ ಗೇರಿನವರಿಗೆ ನನ್ನ ಸಲಹೆ ಇನ್ನೂ ಮೊಂಡು: ಹೊರಗಿನ ಅಂಗಡಿಯಲ್ಲಿ ಹಾಕಿಸಲೇಬೇಡಿ. ಇಳಿಜಾರಿನಲ್ಲಿ ಗೇರಿನಲ್ಲಿಟ್ಟು ನಿಲ್ಲಿಸುವ ಒಳ್ಳೆಯ ಅಭ್ಯಾಸ ನಮ್ಮಲ್ಲಿ ಎಷ್ಟೋ ಜನಕ್ಕಿದೆ. ಕ್ಲಚ್ ಸ್ವಿಚ್ ತಪ್ಪಿಸಿ ಹಾಕಿದ ಸ್ಟಾರ್ಟರಿನ ಗುಂಡಿಯನ್ನು ಮೇಲಿನಿಂದ ಒತ್ತಿದರೆ ಕಾರು ಮುಂದಕ್ಕೆ ನೆಗೆಯುತ್ತದೆ. ಎದುರಿಗೆ ಸೊಸೈಟಿಯ ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮಿನ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ನಿಂತ ಗಾಡಿಯ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರು ಇರಬೇಕು. ಇಲ್ಲದಿದ್ದರೆ ಎಂಜಿನ್ ಆರಿಸಿ ಬ್ರೇಕ್ ಹಾಕಿರಬೇಕು. ರಸ್ತೆಬದಿ ನಿಲ್ಲಿಸಿ ಮನೆಯೊಳಗಿಂದ ರಿಮೋಟ್ ಒತ್ತುವುದು ಅದಕ್ಕೆ ಹೊಂದುವುದಿಲ್ಲ. ನಾನು ಒತ್ತುವುದು ಸೊಸೈಟಿಯ ಗೇಟಿನೊಳಗೆ, ನಮ್ಮದೇ ನಂಬರಿನ ಬಯಲು ಜಾಗದಲ್ಲಿ, ಬಾಲ್ಕನಿಯಿಂದ ಕಾರು ಕಣ್ಣಿಗೆ ಕಾಣುವಾಗ ಮಾತ್ರ. ನೆಲಮಾಳಿಗೆಯ ಪಾರ್ಕಿಂಗ್ ಇರುವ ಮುಂಬೈ, ಪುಣೆ, ಗುರುಗ್ರಾಮದ ಗೆಳೆಯರು ಈ ಆಸೆಯನ್ನೇ ಬಿಡುವುದು ಒಳಿತು. ಎಂಜಿನ್ ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಳಗೆ ಕಾರು ತೊಳೆಯುವ ಹುಡುಗನಿಗೆ ಗೊತ್ತೂ ಆಗುವುದಿಲ್ಲ.

ಹಾಕಿಸುವಾಗ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದೆ. ಸುಮಾರು ಐದು ಗಂಟೆ ಹಿಡಿಯಿತು. ತಂತಿಗಳ ಕೂಡುಗಳಿಗೆ ಬರೀ ಟೇಪ್ ಸುತ್ತದೆ ಬೆಸುಗೆ ಹಾಕಿಸಿದೆ. ಕೀ ಇಲ್ಲದೆ ಬ್ರೇಕ್ ಒತ್ತಿದರೆ ಎಂಜಿನ್ ಆರಬೇಕು, ಆರುತ್ತದೆ. ಹತ್ತು ನಿಮಿಷ ಕಳೆದರೆ ತಾನೇ ಆರುತ್ತದೆ. ಬಾನೆಟ್ಟಿನ ಕೆಳಗೆ ಒಂದು ಪುಟ್ಟ ಪಿನ್ ಸ್ವಿಚ್ಚಿದೆ. ಬಾನೆಟ್ ಎತ್ತಿದ್ದರೆ ರಿಮೋಟ್ ಎಷ್ಟು ಒತ್ತಿದರೂ ಚಾಲೂ ಆಗದು. "ಅದು ಬೇಡ ಬಿಡಿ, ಯಾರೂ ಹಾಕಿಸಲ್ಲ" ಎಂದರು, ಹಾಕಿಸಿದೆ. ಫ್ಯಾನಿನ ಹತ್ತಿರ ಕೈ ಹಾಕುವ ಮೆಕ್ಯಾನಿಕ್ಕಿಗೆ ಮನೆಯಲ್ಲಿ ಯಾರ ಬೆರಳು ಯಾವ ಗುಂಡಿಯ ಮೇಲಿದೆ ಎಂದು ಹೇಗೆ ತಿಳಿಯಬೇಕು? ಸರ್ವಿಸ್‌ಗೆ ಬಿಡುವ ದಿನ ಸ್ಟಾರ್ಟರನ್ನು ಪೂರ್ತಿ ಆಫ್ ಮಾಡಿ, ರಿಮೋಟಿನ ಸೆಲ್ಲನ್ನೂ ತೆಗೆದಿಡುತ್ತೇನೆ. ಬಾನೆಟ್ಟಿನ ಒಳಮೈಗೆ ಒಂದು ಚೀಟಿ ಅಂಟಿಸಿದ್ದೇನೆ, ಹಿಂದಿಯಲ್ಲಿ: ಈ ಗಾಡಿಗೆ ರಿಮೋಟ್ ಸ್ಟಾರ್ಟ್ ಇದೆ, ಮೊದಲು ಬ್ಯಾಟರಿಯ ತಂತಿ ಬಿಚ್ಚಿ.