ಹಲಸಿನ ಮರದೊಳಗೆ ಇಷ್ಟೊಂದು ನಾದ!

ದೊಡ್ಡಬಳ್ಳಾಪುರ ಎಂದೊಡನೆ ನೆನಪಾಗುವುದು ಮಗ್ಗದ ಸದ್ದು. ಆದರೆ ಅದೇ ತಾಲ್ಲೂಕಿನ ಸಿಂಪಾಡಿಪುರಕ್ಕೆ ಕಾಲಿಟ್ಟರೆ ಕಿವಿಗೆ ಬೀಳುವುದು ಉಳಿಯ ಸದ್ದು. ಇಲ್ಲಿ ಹುಟ್ಟುವುದು ವೀಣೆ! ಊರಿನ ಪೆನ್ನ ಓಬಳಯ್ಯ ಅವರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಅಮೃತ ಪ್ರಶಸ್ತಿ ಬಂದದ್ದು ವೀಣೆ ನುಡಿಸಿದ್ದಕ್ಕಲ್ಲ, ಮಾಡಿದ್ದಕ್ಕೆ.

ಹಲಸಿನ ದಿಮ್ಮಿಯ ಒಡಲು ತೋಡಿದರೆ ಕೊಡ. ಅದರ ಬಾಯಿಗೊಂದು ತೆಳು ಹಲಗೆ, ಅಲ್ಲಿಂದ ಚಾಚಿದ ಟೊಳ್ಳು ದಂಡಿ, ತುದಿಯಲ್ಲಿ ಯಾಳಿಯ ಮುಖ. ತಂತಿ ಏಳು: ನಾಲ್ಕು ನುಡಿಸಲು, ಪಕ್ಕದ ಮೂರು ತಾಳಕ್ಕೆ. ಬಿರಡೆ ತಿರುವಿದರೆ ಶ್ರುತಿ ಏರುತ್ತದೆ, ಇಳಿಯುತ್ತದೆ.

ಇನ್ನು ದಂಡಿಯ ಮೇಲಿನ 24 ಮೆಟ್ಟಿಲುಗಳು! ಮೊಳೆಯಿಲ್ಲ, ತಿರುಪಿಲ್ಲ, ಲೋಹದ ಸಣ್ಣ ಕಂಬಿಗಳು ಕಪ್ಪು ಮೇಣದಲ್ಲಿ ಕೂತಿವೆ. ಮೇಣ ಮೆತ್ತಗಿರುವಾಗಲೇ ಒಂದೊಂದನ್ನೂ ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ಸ್ವರ ನಿಲ್ಲುವ ಜಾಗವನ್ನು ಕಿವಿಯಿಂದಲೇ ಹುಡುಕಬೇಕು. ಇದಕ್ಕೇ ಮೇಳ ಕಟ್ಟುವುದು ಎನ್ನುತ್ತಾರೆ. ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದರೆ ಅದೇ ಜಾಗದಲ್ಲಿ ಸ್ವರ ಮೇಲೇರುತ್ತದೆ. ನಮ್ಮ ಗಮಕಗಳು ಹೊಮ್ಮುವುದು ಹಾಗೆ.

ನನ್ನನ್ನು ಬೆರಗಾಗಿಸಿದ್ದು ಮಾತ್ರ ಕುದುರೆ. ಕೊಡದ ಹಲಗೆಯ ಮೇಲೆ ನಿಂತ ಪುಟ್ಟ ಮರದ ತುಂಡು ಅದು, ನೆತ್ತಿಗೆ ಲೋಹದ ಪಟ್ಟಿ. ಪಶ್ಚಿಮದ ಚೆಲ್ಲೊದಲ್ಲೂ ಕುದುರೆಯುಂಟು. ಆದರೆ ಅದರ ಅಂಚು ತೆಳು, ತಂತಿ ಅದರ ಮೇಲೆ ಒಂದೇ ಕಡೆ ತಾಗುತ್ತದೆ. ವೀಣೆಯ ಕುದುರೆಯ ನೆತ್ತಿ ಅಗಲ, ನವಿರಾಗಿ ಬಾಗಿದ್ದು. ಕಂಪಿಸುವ ತಂತಿ ಆ ಬಾಗಿನ ಮೇಲೆ ತಾಗುತ್ತ, ಬಿಡುತ್ತ ಸಾಗುತ್ತದೆ. ಸರ್ ಸಿ.ವಿ. ರಾಮನ್ ಇದನ್ನು ನೋಡಿ ಬಿಟ್ಟಾರೆಯೇ? ವೀಣೆ, ತಂಬೂರಿಗಳ ಬಗ್ಗೆ 1921ರಲ್ಲಿ ಪ್ರಬಂಧವನ್ನೇ ಬರೆದರು. ತಂತಿಯನ್ನು ಒಂದು ನಿರ್ದಿಷ್ಟ ಬಿಂದುವಿನಲ್ಲಿ ಮೀಟಿದರೆ ಕೆಲವು ಉಪಸ್ವರಗಳು ಕೇಳಲೇಬಾರದು ಎನ್ನುತ್ತದೆ ಯುರೋಪಿನ ನಿಯಮ. ವೀಣೆಯಲ್ಲಿ ಅವು ಸ್ಪಷ್ಟವಾಗಿ ಕೇಳುತ್ತವೆ! ಕಾರಣ ಆ ಬಾಗಿದ ನೆತ್ತಿಯೇ ಎಂದು ರಾಮನ್ ಗುರುತಿಸಿದರು.

ಹಾಗಾಗಿ ಪಟ್ಟಿಗೆ ಅರ ಹಾಕುವ ಕೈಗೆ ಎಷ್ಟು ಹೊಣೆ! ಬಾಗು ಕೆಟ್ಟರೆ ತಂತಿ ಗರಗರ ಎನ್ನುತ್ತದೆ, ಇಲ್ಲವೇ ನಾದ ಬಡವಾಗುತ್ತದೆ. ಅಳೆಯಲು ಇರುವುದು ಕಿವಿ. ಒಂದಿಷ್ಟು ಉಜ್ಜಿ, ತಂತಿ ಮೀಟಿ ಕೇಳಿ, ಮತ್ತೆ ಉಜ್ಜುವುದು. ನುಡಿಸುವ ನಾಲ್ಕೂ ತಂತಿಗಳು ತುಂಬಿ ನುಡಿಯುವವರೆಗೂ.