ಮನೆಯ ಬಿಯರ್: ಹಂಡೆಗಿಂತ ಮೊದಲು ತಂಪು

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಮಸೂದೆಗೆ ಸಹಿ ಹಾಕಿದ ಮೇಲೆ. ವಯಸ್ಕರು ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200, ಮಾರುವಂತಿಲ್ಲ. ಅಲಬಾಮ, ಮಿಸಿಸಿಪಿ ರಾಜ್ಯಗಳು ಮಾತ್ರ 2013ರವರೆಗೂ ಒಪ್ಪಲಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಅಮೆರಿಕದ ಹವ್ಯಾಸಿಗಳು ಒಂದು ಸಲಕ್ಕೆ ಮಾಡುವುದು ಸಾಮಾನ್ಯವಾಗಿ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್. ಅಷ್ಟಕ್ಕೆ ಐವತ್ತರಷ್ಟು ಬಾಟಲಿ ತೊಳೆಯಬೇಕು, ಭಾರದ ಹಂಡೆ ಇಳಿಸಲು ಎರಡು ಜೊತೆ ಕೈ ಬೇಕು, ಐದಾರು ಗಂಟೆ ಒಲೆಯ ಬಳಿಯೇ ಇರಬೇಕು. ಆದ್ದರಿಂದಲೇ ಇದು ಗೆಳೆಯರು ಕೂಡಿ ಮಾಡುವ ಕೆಲಸ. ಸಲಕರಣೆಯ ಖರ್ಚೂ ಹಂಚಿಹೋಗುತ್ತದೆ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ತರಿಯಾಗಿ ಒಡೆದು 65ರಿಂದ 68 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ಸೋಸಿದ ಸಿಹಿನೀರನ್ನು ವರ್ಟ್ ಎನ್ನುತ್ತಾರೆ. ಹಾಪ್ಸ್ ಹೂ ಹಾಕಿ ಇನ್ನೊಂದು ಗಂಟೆ ಕುದಿಸಿದಾಗ ಅದಕ್ಕೆ ಕಹಿ ಬರುತ್ತದೆ. ಹೊಸಬರು ನೆನೆಸುವ ಗೋಜಿಗೆ ಹೋಗದೆ ಡಬ್ಬಿಯಲ್ಲಿ ಸಿಗುವ ಮಾಲ್ಟ್ ಪಾಕವನ್ನೇ ಕುದಿಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ.

ಕೈ ಪಳಗಿದಂತೆ ಎಲ್ಲರ ಕಣ್ಣೂ ಹೊಳೆಯುವ ಸ್ಟೀಲ್ ಹಂಡೆಯ ಮೇಲೆ ಬೀಳುತ್ತದೆ. ಆದರೆ ರುಚಿ ಕೆಡುವುದು ಹೆಚ್ಚಾಗಿ ಹಂಡೆಯಲ್ಲಲ್ಲ, ತಣಿದ ವರ್ಟ್ ಯೀಸ್ಟ್ ಸೇರಿ ಹುದುಗುವಾಗ. ಏಲ್ ಎಂಬ ಬಗೆಯ ಬಿಯರಿನ ಯೀಸ್ಟ್‌ಗೆ 18ರಿಂದ 20 ಡಿಗ್ರಿ ಹಿತ. ಹುದುಗುವ ದ್ರವ ತಾನೇ ಶಾಖ ಹೊರಡಿಸುವುದರಿಂದ ಪಾತ್ರೆಯೊಳಗೆ ಕೋಣೆಗಿಂತ ಕೆಲವು ಡಿಗ್ರಿ ಹೆಚ್ಚೇ ಇರುತ್ತದೆ. ಬಿಸಿ ಮೀರಿದರೆ ಗಂಟಲು ಸುಡುವ ಘಾಟು ಸೇರಿಕೊಳ್ಳುತ್ತದೆ. ಹಾಗಾಗಿ ಮೊದಲ ಹಣ ಒಂದು ಹಳೆಯ ಫ್ರಿಜ್ಜಿಗೆ ಮತ್ತು ಅದನ್ನು ತಾನಾಗಿ ಆನ್-ಆಫ್ ಮಾಡುವ ಉಷ್ಣತಾ ನಿಯಂತ್ರಕಕ್ಕೆ ಹೋಗುವುದು ಒಳ್ಳೆಯದು. ಅದಕ್ಕೂ ಕಾಸಿಲ್ಲದವರು ಪಾತ್ರೆಯನ್ನು ನೀರಿನ ಟಬ್ಬಿನಲ್ಲಿಟ್ಟು, ದಿನಕ್ಕೆರಡು ಸಲ ಐಸುಗಟ್ಟಿದ ಬಾಟಲಿ ತೇಲಿಬಿಡುತ್ತಾರೆ.

ಎರಡನೆಯ ಖರ್ಚು ವರ್ಟ್ ತಣಿಸುವ ತಾಮ್ರದ ಕೊಳವೆಯ ಸುರುಳಿಗೆ. ಕುದಿ ಮುಗಿಯಲು ಕಾಲುಗಂಟೆ ಇರುವಾಗ ಅದನ್ನು ಹಂಡೆಗೆ ಇಳಿಸಿದರೆ ಕೊಳವೆಯೂ ಶುದ್ಧವಾಗುತ್ತದೆ. ಒಲೆ ಆರಿಸಿ ನಲ್ಲಿ ತಿರುಗಿಸಿದರೆ ಒಂದು ತುದಿಯಲ್ಲಿ ತಣ್ಣೀರು ಹೊಕ್ಕು ಇನ್ನೊಂದರಲ್ಲಿ ಹೊಗೆಯಾಡುತ್ತ ಸುಡುನೀರು ಸುರಿಯುತ್ತದೆ. ನೀರು ತಣ್ಣಗಿದ್ದರೆ ಅರ್ಧ ಗಂಟೆಯೊಳಗೆ ವರ್ಟ್ ಯೀಸ್ಟ್ ಹಾಕುವ ಹದಕ್ಕೆ ಬರುತ್ತದೆ. ತಾನಾಗಿ ಆರಲು ಬಿಟ್ಟರೆ ರಾತ್ರಿಯೇ ಕಳೆಯುತ್ತದೆ, ಬೇಡದ ಸೂಕ್ಷ್ಮಜೀವಿಗಳಿಗೆ ಅಷ್ಟು ಸಮಯ ಸಾಕು.

ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅಗ್ಗದ ಗಾಜಿನ ಕಡ್ಡಿ, ಆದರೆ ಬಿಟ್ಟರೆ ಅಪಾಯ. ಆರಂಭದಲ್ಲಿ 1.050 ತೋರಿದ ವರ್ಟ್ 1.010ಕ್ಕೆ ಇಳಿದರೆ ಮದ್ಯಾಂಶ ಸುಮಾರು ಶೇ. 5. ಎರಡು-ಮೂರು ದಿನ ಅಂಕಿ ಅಲುಗದಿದ್ದ ಮೇಲಷ್ಟೇ ಬಾಟಲಿಗೆ ತುಂಬಬೇಕು; ಅವಸರ ಮಾಡಿದರೆ ಬಾಟಲಿಯೊಳಗೇ ಹುದುಗು ಮುಂದುವರಿದು ಗಾಜು ಸಿಡಿಯುತ್ತದೆ.

ಬಾಟಲಿ ತೊಳೆದು ಬೇಸತ್ತವರು ಕೊನೆಗೆ ಕೆಗ್ಗಿಗೆ ಬರುತ್ತಾರೆ. ತಂಪು ಪಾನೀಯ ಕಂಪನಿಗಳು ಒಂದು ಕಾಲಕ್ಕೆ ಬಳಸಿ ಕೈಬಿಟ್ಟ 5 ಗ್ಯಾಲನ್ನಿನ ಸ್ಟೀಲ್ ಡಬ್ಬಿಗಳೇ ಇವು. ಒಂದು ಸಲದ ಬಿಯರ್ ಪೂರ್ತಿ ಹಿಡಿಯುತ್ತದೆ. ಜೊತೆಗೆ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಮತ್ತು ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್ ಬೇಕು.